ಎಂಡೋಲಕ್ಕೆ ಹೊರಟ ಸಂಧಾನಕಾರ

1961ನೆಯ ಇಸವಿ, ಸೆಪ್ಟೆಂಬರ್ 17ರ ರಾತ್ರಿ. ಆಗ ಉತ್ತರ ರೊಡೇಷಿಯವೆಂದೂ ಇಂದು ಜಾಂಬಿಯವೆಂದೂ ಕರೆಯಲ್ಪಡುವ ನಾಡಿನ ಎಂಡೋಲ ಎಂಬ ಊರಿನಲ್ಲಿ ಮೊಯಿಸ್ ಷೋಂಬೆ ಒಬ್ಬ ಅತಿಥಿಗಾಗಿ ಕಾದಿದ್ದರು. ಕಾಂಗೋ ದೇಶದಿಂದ ಸಿಡಿದು ಬೇರೆಯಾದ ಕಟಾಂಗ ಪ್ರಾಂತದ ನಾಯಕರು ಅವರು. ಬರಬೇಕಾಗಿದ್ದವರು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ದಾಗ್ ಹ್ಯಾಮರ್‌ಷೋಲ್ಡ್. ನಡುರಾತ್ರಿ ಕಳೆದ ಕೆಲವೇ ನಿಮಿಷಗಳಲ್ಲಿ ವಿಮಾನವೊಂದು ಊರಿನ ಮೇಲೆ ಹಾದುಹೋಯಿತು; ನಿಲ್ದಾಣದ ದೀಪಗಳು ಕಾಣುತ್ತಿವೆಯೆಂದು ಚಾಲಕರು ತಿಳಿಸಿದರು. ಆದರೆ ವಿಮಾನ ಇಳಿಯಲಿಲ್ಲ. ಮರುದಿನ ಮಧ್ಯಾಹ್ನ, ನಿಲ್ದಾಣದಿಂದ ಸುಮಾರು 15 ಕಿಲೋಮೀಟರು ದೂರದ ಕಾಡಿನಲ್ಲಿ, ಅದರ ಸುಟ್ಟ ಅವಶೇಷಗಳು ದೊರೆತವು. ವಿಮಾನದಲ್ಲಿದ್ದವರು 16 ಮಂದಿ. ಜೀವದಿಂದ ಉಳಿದ ಒಬ್ಬನೂ ಕೆಲವು ದಿನಗಳ ತರುವಾಯ ಆಸ್ಪತ್ರೆಯಲ್ಲಿ ತೀರಿಕೊಂಡನು.

ಜಗತ್ತಿನ ಅತ್ಯುನ್ನತ ಸಂಸ್ಥೆಯ ಅಧಿಕಾರಿಯೊಬ್ಬರು, ಯಾವ ದೇಶವೂ ಮಾನ್ಯಮಾಡದ ಒಂದು ಸರ್ಕಾರದ ಮುಖಂಡನನ್ನು ಕಾಣಲು ರಾತ್ರೋರಾತ್ರಿ ಹೊರಟುದೇಕೆ?

ತಾಮ್ರದ ನಾಡು

ಬೆಲ್ಜಿಯಮ್ಮಿನ ಆಳ್ವಿಕೆಯಲ್ಲಿದ್ದ ಕಾಂಗೋ ಸ್ವತಂತ್ರವಾದುದು 1960ರ ಜೂನ್ 30ರಂದು. ಒಂದು ವಾರ ತುಂಬುವುದರೊಳಗಾಗಿ ಅದರ ಸೈನ್ಯ ದಂಗೆಯೆದ್ದಿತು. ಜುಲೈ 11ರಂದು ಷೋಂಬೆ ಕಟಾಂಗವನ್ನು ಪ್ರತ್ಯೇಕ ರಾಷ್ಟ್ರವೆಂದು ಸಾರಿದರು. ಕಟಾಂಗವೆಂದರೆ ಸಾಮಾನ್ಯ ನೆಲವಲ್ಲ. ತಾಮ್ರ, ಕೋಬಾಲ್ಟ್, ಯುರೇನಿಯಂ ಎಲ್ಲವೂ ಅಲ್ಲಿಯ ಒಡಲಲ್ಲಿದ್ದವು. ಹಿರೋಷಿಮಾದ ಮೇಲೆ ಬಿದ್ದ ಬಾಂಬಿಗೆ ಯುರೇನಿಯಂ ಒದಗಿಸಿದ ಮುಖ್ಯ ಗಣಿಯೂ ಅಲ್ಲಿಯದೇ. ಗಣಿಯ ಒಡೆತನ ಹೊಂದಿದ್ದ ಬೆಲ್ಜಿಯಂ ಕಂಪೆನಿ ಷೋಂಬೆಯ ಬೆಂಬಲಕ್ಕೆ ನಿಂತಿತು; ಕೂಲಿಗೆ ಕಾದುವ ಬಿಳಿಯ ಸಿಪಾಯಿಗಳು ಬಂದಿಳಿದರು. ಬೊಕ್ಕಸವನ್ನೇ ಕಿತ್ತುಕೊಂಡರೆ ಹೊಸ ಸಂಸಾರ ನಡೆಯುವುದೆಂತು? ಕಾಂಗೋ ವಿಶ್ವಸಂಸ್ಥೆಯ ಮೊರೆಹೊಕ್ಕಿತು.

ಭದ್ರತಾ ಸಮಿತಿ ಸೇನೆಯನ್ನು ಕಳುಹಿಸಲು ಒಪ್ಪಿತು. ಆದರೆ ಆ ಸೇನೆ ಯುದ್ಧ ಮಾಡತಕ್ಕದ್ದಲ್ಲ. ಒಳಜಗಳದಲ್ಲಿ ಪಕ್ಷ ವಹಿಸತಕ್ಕದ್ದಲ್ಲ. ಕಟಾಂಗವನ್ನು ಬಲದಿಂದ ಅಡಗಿಸಿರೆಂದು ಪ್ರಧಾನಿ ಲುಮುಂಬಾ ಒತ್ತಾಯಿಸಿದರು, ಹ್ಯಾಮರ್‌ಷೋಲ್ಡ್ ಒಪ್ಪಲಿಲ್ಲ. 1961ರ ಜನವರಿ 17ರಂದು ಲುಮುಂಬಾ ಅವರನ್ನು ಕಟಾಂಗದಲ್ಲಿಯೇ ಕೊಲ್ಲಲಾಯಿತು. ರಷ್ಯ ಹ್ಯಾಮರ್‌ಷೋಲ್ಡರ ರಾಜೀನಾಮೆ ಕೇಳಿತು. ಅಂತರ್ಯುದ್ಧವನ್ನು ತಡೆಯಲು ಕೊನೆಯ ಉಪಾಯವಾಗಿ ಬಲಪ್ರಯೋಗವನ್ನೂ ಮಾಡಬಹುದೆಂದು ಫೆಬ್ರವರಿಯಲ್ಲಿ ಭದ್ರತಾ ಸಮಿತಿ ನಿರ್ಣಯಿಸಿತು. ಭಾರತವೂ ಒಂದು ಬ್ರಿಗೇಡನ್ನು ಕಳುಹಿಸಿಕೊಟ್ಟಿತು. ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಪಡೆ ಕಟಾಂಗದ ರಾಜಧಾನಿ ಎಲಿಜಬೆತ್‌ವಿಲ್‌ನಲ್ಲಿ ಕಾರ್ಯಾಚರಣೆ ಆರಂಭಿಸಿದಾಗ ಬ್ರಿಟನ್ ಸಿಡಿಮಿಡಿಗೊಂಡಿತು. ಹೀಗೆ ಎರಡು ಕಡೆಯ ಬೈಗುಳವನ್ನೂ ಹೊತ್ತ ಮನುಷ್ಯ ಎಂಡೋಲಕ್ಕೆ ಹೊರಟರು. ಕಟಾಂಗದ ಒಂದು ಜೆಟ್ ವಿಮಾನ ದಾಳಿ ನಡೆಸುತ್ತಿದ್ದುದರಿಂದ ಬಳಸುದಾರಿ ಹಿಡಿಯಬೇಕಾಯಿತು. ರೇಡಿಯೋವನ್ನೂ ಬಹಳ ಹೊತ್ತು ಮೌನವಾಗಿ ಇರಿಸಬೇಕಾಯಿತು.

'ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದು ನಮ್ಮ ಗಾದೆ. ಸಂಧಾನಕಾರನ ಪಾಡು ಬೇರೆ. ಅವನಿಗೆ ಜಗಳವೇ ಆರಂಭ. ಹಸ್ತಿನಾವತಿಗೆ ಸಂಧಿಗೆಂದು ಹೋದ ಕೃಷ್ಣನಿಗೆ, ಕಟ್ಟಿಹಾಕಲು ಬಂದವರೆದುರು ತೋರಿಸಲು ವಿಶ್ವರೂಪವಾದರೂ ಇದ್ದಿತು. ಹ್ಯಾಮರ್‌ಷೋಲ್ಡರಿಗೆ ಇದ್ದುದು ಮಾತು ಮಾತ್ರ. ಮನುಷ್ಯನು ಎದುರಿಗಿರುವವನನ್ನು ವಸ್ತುವೆಂದು ಕಾಣದೆ 'ನೀನು' ಎಂದು ಕಾಣಬೇಕೆಂದು ಬೋಧಿಸುವ ಮಾರ್ಟಿನ್ ಬೂಬರ್ ಅವರ 'ನಾನು ಮತ್ತು ನೀನು' ಎಂಬ ಗ್ರಂಥವನ್ನು ಅವರು ಆ ದಿನಗಳಲ್ಲಿ ಸ್ವೀಡಿಷ್ ಭಾಷೆಗೆ ಅನುವಾದಿಸುತ್ತಿದ್ದರು.

ಸಾವಿನ ಅನಂತರ

ಸಂಧಾನ ಅವರೊಡನೆ ಸಾಯಲಿಲ್ಲ. ಸಹೋದ್ಯೋಗಿಯಾದ ಟ್ಯುನೀಷಿಯದ ಮಹಮೂದ್ ಖಿಯಾರಿ ಅದೇ ಎಂಡೋಲದಲ್ಲಿ ಷೋಂಬೆಯೊಡನೆ ಕುಳಿತರು. ಸೆಪ್ಟೆಂಬರ್ 20ರಂದು ಕದನವಿರಾಮಕ್ಕೆ ಸಹಿ ಬಿದ್ದಿತು. ಆದರೆ ಅದು ಉಳಿಯಲಿಲ್ಲ. ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ ರಸ್ತೆತಡೆಯನ್ನು ತೆರವುಗೊಳಿಸುವಾಗ, ಹದಿನಾರು ಗೂರ್ಖಾ ಯೋಧರೊಡನೆ ಸುಮಾರು 90 ಮಂದಿಯ ಮೇಲೆ ಬಿದ್ದ 26 ವರ್ಷದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯ ವೀರಮರಣವನ್ನಪ್ಪಿದರು. ವಿಶ್ವಸಂಸ್ಥೆಯ ಶಾಂತಿಸೇನೆಯಲ್ಲಿ ಹೋರಾಡಿ ಪರಮವೀರ ಚಕ್ರ ಪಡೆದವರು ಅವರೊಬ್ಬರೇ.

ಅದೇ ತಿಂಗಳು 21ರಂದು ಕಿಟೋನದಲ್ಲಿ ಷೋಂಬೆ ಕಾಂಗೋದ ಐಕ್ಯವನ್ನು ಲಿಖಿತವಾಗಿ ಒಪ್ಪಿದರು. ಬಳಿಕ ತಮ್ಮ ಶಾಸನಸಭೆಯ ಒಪ್ಪಿಗೆ ಬೇಕೆಂದು ಜಾರಿಕೊಂಡರು. ಹೊಸ ಮಹಾಕಾರ್ಯದರ್ಶಿ, ಬರ್ಮಾದ ಊ ಥಾಂಟ್, 1962ರಲ್ಲಿ ಮತ್ತೊಂದು ಯೋಜನೆ ಮುಂದಿಟ್ಟರು: ಒಕ್ಕೂಟದ ಸಂವಿಧಾನ, ಗಣಿಯ ಆದಾಯದಲ್ಲಿ ಅರ್ಧಪಾಲು. ಷೋಂಬೆ ಮತ್ತೆ ಕಾಲತಳ್ಳಿದರು. ಡಿಸೆಂಬರ್ ಕೊನೆಯಲ್ಲಿ ವಿಶ್ವಸಂಸ್ಥೆಯ ಪಡೆಗಳು ಮುನ್ನುಗ್ಗಿದವು. ಕಟಾಂಗದಲ್ಲಿ ಅವುಗಳ ದಂಡನಾಯಕರು ಭಾರತದ ಮೇಜರ್ ಜನರಲ್ ಪ್ರೇಮ್ ಚಂದ್. 1963ರ ಜನವರಿಯಲ್ಲಿ ಪ್ರತ್ಯೇಕತೆ ಕೊನೆಗೊಂಡಿತು.

ಹಾಗಾದರೆ ಗೆದ್ದುದು ಬಂದೂಕೇ ಹೊರತು ಮಾತಲ್ಲವೆನ್ನೋಣವೇ? ಅಷ್ಟು ಸುಲಭವಲ್ಲ. ಮಾತಿನ ಬಾಗಿಲು ಮತ್ತೆ ಮತ್ತೆ ತೆರೆದಿದ್ದರಿಂದಲೇ ಬಲವನ್ನು ಎಲ್ಲಿ ನಿಲ್ಲಿಸಬೇಕೆಂಬುದು ತಿಳಿದಿದ್ದಿತು. ಸೋತ ಷೋಂಬೆಯೇ 1964ರಲ್ಲಿ ಅದೇ ಕಾಂಗೋವಿನ ಪ್ರಧಾನಿಯಾದರು! ವಿಶ್ವಸಂಸ್ಥೆಯ ಸುಮಾರು 250 ಮಂದಿ ಆ ನೆಲದಲ್ಲಿ ಜೀವ ತೆತ್ತಿದ್ದರು.

ಹ್ಯಾಮರ್‌ಷೋಲ್ಡರಿಗೆ 1961ರ ನೊಬೆಲ್ ಶಾಂತಿ ಪಾರಿತೋಷಕ ಮರಣೋತ್ತರವಾಗಿ ಸಂದಿತು. ಅವರ ವಿಮಾನ ಬಿದ್ದುದು ಅಪಘಾತದಿಂದಲೋ ಅನ್ಯರ ಕೈವಾಡದಿಂದಲೋ ಎಂಬ ವಿಚಾರಣೆಯನ್ನು ವಿಶ್ವಸಂಸ್ಥೆ ಅರ್ಧಶತಮಾನದ ಮೇಲೆ ಪುನಃ ಕೈಗೆತ್ತಿಕೊಂಡಿತು. ಆ ರಾತ್ರಿ ಅವರು ಹೊರಟ ಕಾರಣದಲ್ಲಿ ಮಾತ್ರ ಯಾವ ಸಂದೇಹವೂ ಇಲ್ಲ. ಎದುರಾಳಿ ನಂಬಿಕೆಗೆ ಅರ್ಹನೇ ಎಂದು ಅವರು ಕೇಳಲಿಲ್ಲ. ಇನ್ನೊಂದು ದಿನ ತಡವಾದರೆ ಸಾಯುವವರೆಷ್ಟು ಎಂದು ಕೇಳಿಕೊಂಡರು.