ಸೋರುವ ಸ್ಟೇರಿಂಗ್: ಊರ ದಾರಿ ಹಿಡಿಯುವ ಮುನ್ನ

ಮುಂಬಯಿ: ಚೌತಿ ಹತ್ತಿರ ಬಂತೆಂದರೆ ಮಹಾನಗರದ ತುಳು-ಕನ್ನಡಿಗರ ಕಾರುಗಳು ಗ್ಯಾರೇಜುಗಳ ಮುಂದೆ ಬಂದು ನಿಲ್ಲುತ್ತವೆ. "ಅಣ್ಣಾ, ನಾಡಿದ್ದು ಊರಿಗೆ ಹೊರಡಬೇಕು, ಒಮ್ಮೆ ನೋಡಿಬಿಡಿ" ಎಂಬುದು ಎಲ್ಲರ ಮಾತು. ಈ ಸಾಲಿನಲ್ಲಿ ಅಪರೂಪಕ್ಕೊಮ್ಮೆ ಎರಡೇ ಸೀಟಿನ, ನೆಲಕ್ಕೆ ಅಂಟಿದಂತಿರುವ ಸ್ಪೋರ್ಟ್ಸ್ ಕಾರೊಂದೂ ಇರುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಆಸೆಪಟ್ಟು ಕೊಂಡದ್ದು. ಮುಂದಿನ ಚಕ್ರದ ಬಳಿ ನೆಲದಲ್ಲಿ ಎಣ್ಣೆಯ ಕಲೆ. "ಎಸಿ ನೀರಿರಬೇಕು" ಎಂದು ಮಾಲೀಕರು ಸಮಾಧಾನ ಹೇಳಿಕೊಂಡಿರುತ್ತಾರೆ. ಬೆರಳಿಗೆ ತಾಗಿಸಿ ಉಜ್ಜಿದರೆ ನೀರೋ ಎಣ್ಣೆಯೋ ಗೊತ್ತಾಗುತ್ತದೆ. ಎಣ್ಣೆಯಾದರೆ, ಅದು ಪವರ್ ಸ್ಟೇರಿಂಗ್ ರ‍್ಯಾಕಿನಿಂದ ಸೋರಿದ್ದಾಗಿದ್ದರೆ, ಪೊಲಾದ್‌ಪುರ ದಾಟಿ ಘಾಟಿ ಹತ್ತುವ ಯೋಚನೆಯನ್ನು ಸ್ವಲ್ಪ ಮುಂದಕ್ಕೆ ಹಾಕುವುದೇ ಒಳ್ಳೆಯದು.

ಪವರ್ ಸ್ಟೇರಿಂಗ್ ಮಾರುಕಟ್ಟೆಯಲ್ಲಿ ಮಾರಾಟವಾಗುವ ಕಾರಿನಲ್ಲಿ ಮೊದಲು ಬಂದದ್ದು 1951ರಲ್ಲಿ, ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಮೂಲಕ. ಎಂಜಿನ್ನಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಡದಲ್ಲಿ ರ‍್ಯಾಕಿಗೆ ಕಳುಹಿಸುತ್ತದೆ. ರ‍್ಯಾಕ್ ಎಂದರೆ ಎರಡು ಮುಂಚಕ್ರಗಳ ನಡುವೆ ಅಡ್ಡಲಾಗಿ ಮಲಗಿರುವ ಕೊಳವೆ. ಅದರೊಳಗೆ ಹಲ್ಲುಗಳಿರುವ ಉಕ್ಕಿನ ಸರಳು. ಚಾಲಕ ಸ್ಟೇರಿಂಗ್ ತಿರುಗಿಸಿದ ಕಡೆಗೆ ಎಣ್ಣೆ ಸರಳನ್ನು ತಳ್ಳುತ್ತದೆ. ಪೂರ್ತಿ ತಿರುಗಿಸಿದಾಗ ಒಳಗಿನ ಒತ್ತಡ ಸುಮಾರು 100 ಬಾರ್‌ವರೆಗೂ ಏರುತ್ತದೆ, ಅಂದರೆ ಟಯರಿನ ಗಾಳಿಯ ಒತ್ತಡದ ನಲ್ವತ್ತು ಪಟ್ಟಿಗೂ ಹೆಚ್ಚು. ಇಷ್ಟನ್ನೂ ತಡೆದು ನಿಲ್ಲಿಸುವುದು ಬಳೆಯಷ್ಟೂ ದೊಡ್ಡದಲ್ಲದ ಒಂದೆರಡು ರಬ್ಬರ್ ಸೀಲುಗಳು.

ಉದಾಹರಣೆಗೆ 1996ರಿಂದ 2004ರವರೆಗೆ ತಯಾರಾದ ಮೊದಲ ತಲೆಮಾರಿನ ಪೋರ್ಷೆ ಬಾಕ್ಸ್‌ಸ್ಟರ್ ಕಾರನ್ನೇ ತೆಗೆದುಕೊಳ್ಳಬಹುದು. ಇದರ ಎಂಜಿನ್ ಸೀಟುಗಳ ಹಿಂದಿದೆ. ಪಂಪೂ ಅಲ್ಲೇ. ರ‍್ಯಾಕ್ ಮಾತ್ರ ಮುಂದುಗಡೆ. ಹೀಗಾಗಿ ಎಣ್ಣೆಯ ಪೈಪುಗಳು ಕಾರಿನ ಹೊಟ್ಟೆಯಡಿ ಹಿಂದಿನಿಂದ ಮುಂದಕ್ಕೆ ಉದ್ದಕ್ಕೂ ಬರುತ್ತವೆ. ಎಣ್ಣೆಯ ಡಬ್ಬಿ ಎಂಜಿನ್ನಿನ ಮೇಲಿದ್ದು, ಅದನ್ನು ನೋಡಬೇಕಾದರೆ ಬಟ್ಟೆಯ ಮಾಡನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ, ಒಳಗಿನ ಮುಚ್ಚಳ ಬಿಚ್ಚಬೇಕು. ಸುಲಭವಾಗಿ ಕೈಗೆ ಸಿಗದ್ದನ್ನು ಯಾರು ತಾನೇ ನೋಡುತ್ತಾರೆ? ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಹಿಂದಿನಿಂದ ಗುಂಯ್ ಎಂದು ನರಳುವ ಸದ್ದು ಬರುವ ತನಕ ಹೆಚ್ಚಿನವರಿಗೆ ವಿಷಯ ತಿಳಿಯುವುದೇ ಇಲ್ಲ. ಆ ಹೊತ್ತಿಗೆ ಪಂಪು ಎಣ್ಣೆಯ ಬದಲು ಗಾಳಿ ಕುಡಿಯುತ್ತಿರುತ್ತದೆ.

ಬೂಟು ಹರಿದಲ್ಲಿಂದ ಶುರು

ರ‍್ಯಾಕಿನ ಎರಡೂ ತುದಿಗಳಲ್ಲಿ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟುಗಳಿವೆ. ಮುಂಬಯಿಯ ಹೊಂಡಗಳು, ಹಂಪುಗಳು, ಜುಲೈ ತಿಂಗಳ ಮೊಣಕಾಲೆತ್ತರದ ನೀರು ಇವೆಲ್ಲದರಿಂದ ಸರಳನ್ನು ಕಾಯುವುದು ಅವೇ. ಬೂಟು ಬಿರಿದರೆ ಕೆಸರು, ನೀರು ಒಳಸೇರಿ ನುಣುಪಾದ ಸರಳಿಗೆ ತುಕ್ಕು ಹಿಡಿಯುತ್ತದೆ. ಆಮೇಲೆ ಪ್ರತಿ ಸಲ ತಿರುಗಿಸಿದಾಗಲೂ ಆ ಒರಟು ಸರಳು ಸೀಲನ್ನು ತುರಿಮಣೆಯಂತೆ ಹೆರೆಯುತ್ತದೆ. ಇಡೀ ರ‍್ಯಾಕಿಗೆ ಹೋಲಿಸಿದರೆ ಬೂಟಿನ ಬೆಲೆ ಏನೇನೂ ಅಲ್ಲ. ಆದರೂ ಸರ್ವಿಸಿನಲ್ಲಿ ಅದನ್ನು ಬದಲಿಸಿ ಎಂದು ಕೇಳುವವರು ಕಡಿಮೆ.

ಅನುಭವಿ ಮೆಕ್ಯಾನಿಕ್ ಮೊದಲು ಕೈಹಾಕುವುದು ಈ ಬೂಟಿಗೇ. ಹಿಚುಕಿದಾಗ ಒಳಗೆ ಎಣ್ಣೆ ತುಳುಕಿದರೆ ತುದಿಯ ಸೀಲು ಹೋಗಿದೆ ಎಂದರ್ಥ. ಬೂಟು ಒಣಗಿದ್ದು, ಸ್ಟೇರಿಂಗ್ ದಂಡ ರ‍್ಯಾಕಿನೊಳಗೆ ಇಳಿಯುವ ಜಾಗ ಒದ್ದೆಯಾಗಿದ್ದರೆ ಅಲ್ಲಿನ ಸೀಲು. ಎರಡೂ ಅಲ್ಲದೆ ಪೈಪಿನ ಜೋಡಣೆಯಲ್ಲಿ ಮಾತ್ರ ಜಿನುಗುತ್ತಿದ್ದರೆ ರ‍್ಯಾಕನ್ನು ಇಳಿಸುವ ಅಗತ್ಯವೇ ಇಲ್ಲ. ಹೊಸ ವಾಷರಿನಲ್ಲಿ ಕೆಲಸ ಮುಗಿದೀತು. ಆದ್ದರಿಂದ ಅಡಿಭಾಗವನ್ನು ಪೂರ್ತಿ ತೊಳೆದು ಒರೆಸಿ, ಎಂಜಿನ್ ಚಾಲೂ ಮಾಡಿ, ಎಲ್ಲಿಂದ ಮೊದಲ ಹನಿ ಇಳಿಯುತ್ತದೆ ಎಂದು ತೋರಿಸುವಂತೆ ಮಾಲೀಕರು ಕೇಳಬೇಕು. ಹಣದ ಮಾತು ಆಮೇಲೆ.

"ಸದ್ಯಕ್ಕೆ ಆಯಿಲ್ ತುಂಬಿಸಿ, ಊರಿಂದ ಬಂದ ಮೇಲೆ ನೋಡುವಾ" ಎಂಬುದು ಸಾಮಾನ್ಯ ಬೇಡಿಕೆ. ಎಣ್ಣೆ ಪೂರ್ತಿ ಖಾಲಿಯಾದರೂ ಚಕ್ರ ತಿರುಗುತ್ತದೆ ನಿಜ, ಆದರೆ ಸ್ಟೇರಿಂಗ್ ಕಲ್ಲಿನಂತೆ ಭಾರವಾಗುತ್ತದೆ. ಎದುರಿನಿಂದ ಲಾರಿ ಬರುತ್ತಿರುವ ತಿರುವಿನಲ್ಲಿ ಅದು ದಿಢೀರನೆ ಭಾರವಾದರೆ ಏನು ಗತಿ? ಪಂಪಿನ ಬದಿಯಲ್ಲಿ ಸೋರಿಕೆಯಾದರೆ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬಿದ್ದು ಬೆಂಕಿ ಹತ್ತುವ ಭಯವೂ ಇದೆ. ಸೋರಿಕೆ ನಿಲ್ಲಿಸುತ್ತದೆಂದು ಮಾರುವ ಶೀಶೆಗಳು ರಬ್ಬರನ್ನು ಉಬ್ಬಿಸಿ ಕೆಲದಿನ ಮರ್ಯಾದೆ ಉಳಿಸುತ್ತವೆ, ಅಷ್ಟೆ. ಎಣ್ಣೆಯ ಜಾತಿಯೂ ಮುಖ್ಯ. ಬಾಕ್ಸ್‌ಸ್ಟರಿಗೆ ಹಸಿರು ಬಣ್ಣದ ಪೆಂಟೋಸಿನ್ ಸಿಎಚ್ಎಫ್ 11ಎಸ್ ಬೇಕು. ಗೇರ್‌ಬಾಕ್ಸಿನ ಕೆಂಪು ಎಣ್ಣೆ ಬೆರೆಸಬಾರದು. ಬ್ರೇಕ್ ಆಯಿಲ್ ಹಾಕಿದರಂತೂ ಇದ್ದಬದ್ದ ಸೀಲುಗಳೂ ಹಾಳು.

ಗಲ್ಫಿನ ರ‍್ಯಾಕ್ ಇಲ್ಲಿಗಾಗದು

ಬಿಡಿಭಾಗ ಎಂದೊಡನೆ ಊರಿನವರಿಗೆ ನೆನಪಾಗುವುದು ದುಬೈ, ಶಾರ್ಜಾಗಳಲ್ಲಿರುವ ಬಾವ, ಅಣ್ಣ, ತಮ್ಮ. ಆದರೆ ಅಲ್ಲಿಯ ಕಾರುಗಳ ಸ್ಟೇರಿಂಗ್ ಎಡಕ್ಕಿರುವುದರಿಂದ ರ‍್ಯಾಕಿನಲ್ಲಿ ದಂಡ ಇಳಿಯುವ ಜಾಗವೂ ಎಡಕ್ಕೇ ಇರುತ್ತದೆ. ಎಷ್ಟೇ ಹೊಸದಾಗಿದ್ದರೂ ಅದು ನಮ್ಮ ಬಲಬದಿಯ ಕಾರಿಗೆ ಕೂರದು. ಎಣ್ಣೆಯನ್ನು ಬೇಕಾದರೆ ತರಿಸಬಹುದು, ಪಂಪನ್ನೂ ನಂಬರ್ ತಾಳೆ ನೋಡಿ ತರಿಸಬಹುದು. ರ‍್ಯಾಕ್ ಮಾತ್ರ ಬ್ರಿಟನ್, ಆಸ್ಟ್ರೇಲಿಯಾ, ಸಿಂಗಾಪುರದಂಥ ಬಲಬದಿಯ ದೇಶಗಳಿಂದಲೇ ಬರಬೇಕು. ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕಿದರೆ, ಬೂಟು ಸರಿಸಿ ಸರಳಿನ ಮೇಲೆ ಉಗುರು ಎಳೆದು ನೋಡದೆ ಹಣ ಎಣಿಸಬಾರದು.

ಇದ್ದ ರ‍್ಯಾಕನ್ನೇ ಸೀಲ್ ಕಿಟ್ ಹಾಕಿ ದುರಸ್ತಿ ಮಾಡಬಹುದೇ ಎಂಬುದೂ ಆ ಉಗುರಿನ ಪರೀಕ್ಷೆಯಲ್ಲೇ ತಿಳಿಯುತ್ತದೆ. ಮೇಲ್ಮೈ ತುಕ್ಕಾದರೆ ನಯವಾದ ಪಾಲಿಶ್ ಪೇಪರಿಗೆ ಹೋಗುತ್ತದೆ. ಉಗುರು ಸಿಕ್ಕಿಬೀಳುವಷ್ಟು ಗುಳಿ ಬಿದ್ದಿದ್ದರೆ ಹೊಸ ಸೀಲೂ ಹೆಚ್ಚು ದಿನ ಬಾಳದು. ಮಾಲೀಕರಿಗೆ ಬೇಸರವಾದೀತೆಂದು ಇದನ್ನು ಮುಚ್ಚಿಟ್ಟು ಬಿಲ್ ಬರೆಯುವವರೂ ಇದ್ದಾರೆ.

ರ‍್ಯಾಕ್ ಇಳಿಸುವ ಮುನ್ನ ಚಕ್ರಗಳನ್ನು ನೇರವಾಗಿಟ್ಟು ಸ್ಟೇರಿಂಗನ್ನು ಅಲುಗದಂತೆ ಬಂಧಿಸಬೇಕು. ದಂಡ ಬಿಚ್ಚಿದ ಮೇಲೆ ಸ್ಟೇರಿಂಗ್ ಸುಮ್ಮನೆ ಸುತ್ತಿದರೆ ಏರ್‌ಬ್ಯಾಗಿಗೆ ಹೋಗುವ ಸುರುಳಿ ವಯರ್ ತುಂಡಾಗುತ್ತದೆ. ಟೈ ರಾಡಿನ ಮರೆಗಳನ್ನು ಎಣಿಸಿ ಬರೆದಿಟ್ಟುಕೊಳ್ಳಬೇಕು. ಹಳೆಯ ಎಣ್ಣೆಯಲ್ಲಿ ಲೋಹದ ಪುಡಿ ಕಂಡರೆ ಪಂಪೂ ಸವೆದಿದೆ. ಪೈಪುಗಳನ್ನು ತೊಳೆಯದೆ ಹೊಸ ರ‍್ಯಾಕ್ ಕೂರಿಸಿದರೆ ಅದಕ್ಕೂ ಅದೇ ಗತಿ. ಬೂಟುಗಳು, ಲಾಕ್ ನಟ್ಟುಗಳು ಹೊಸವೇ ಆಗಬೇಕು.

ಎಣ್ಣೆ ತುಂಬಿಸುವಾಗ ಅವಸರ ಕೂಡದು. ಮುಂಚಕ್ರಗಳನ್ನು ಎತ್ತಿ, ಎಂಜಿನ್ ಬಂದ್ ಇರುವಾಗಲೇ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹಲವು ಸಲ ತಿರುಗಿಸಬೇಕು. ಒಬ್ಬರು ಒಳಗೆ, ಇನ್ನೊಬ್ಬರು ಡಬ್ಬಿಯ ಬಳಿ. ಗುಳ್ಳೆಗಳು ನಿಂತ ಮೇಲೆ ಎಂಜಿನ್ ಚಾಲೂ. ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.

2012ರಲ್ಲಿ ಬಂದ ಬಾಕ್ಸ್‌ಸ್ಟರಿನಲ್ಲಿ ಸ್ಟೇರಿಂಗಿಗೆ ಎಣ್ಣೆಯೇ ಇಲ್ಲ, ವಿದ್ಯುತ್ ಮೋಟಾರು ಆ ಕೆಲಸ ಮಾಡುತ್ತದೆ. ಹಳೆಯ ಕಾರಿನಲ್ಲಿ ರಸ್ತೆ ಕೈಗೇ ಮಾತಾಡುತ್ತದೆ ಎನ್ನುವವರು ಮಾತ್ರ ಈ ಸೋರಿಕೆಯ ಉಪದ್ರವವನ್ನೂ ಸಹಿಸಿಕೊಂಡು ಅದನ್ನೇ ಇಟ್ಟುಕೊಂಡಿದ್ದಾರೆ. ಅಂಥವರು ದುರಸ್ತಿ ಮುಗಿದ ರಾತ್ರಿ ಕಾರಿನ ಮೂತಿಯಡಿ ಓದಿ ಮುಗಿಸಿದ ಪತ್ರಿಕೆಯನ್ನು ಹಾಸಿಡಬೇಕು. ಬೆಳಿಗ್ಗೆ ಅದು ಒಣಗಿದ್ದರೆ ಪನ್ವೇಲ್‌ವರೆಗೆ ಹೋಗಿ ಬಂದು, ಇನ್ನೊಂದು ರಾತ್ರಿ ಹಾಸಿ ನೋಡಿ, ಆಮೇಲೆ ಊರಿಗೆ ಹೊರಡಬಹುದು.