ಕೇಳಿದ ಹಾಡು, ಓದುವ ಪುಸ್ತಕ

ಪುಸ್ತಕವನ್ನು ಕಣ್ಣಿನಿಂದ ಓದದೆ ಕಿವಿಯಿಂದ ಕೇಳಿದರೆ ಅದನ್ನು ಓದಿದಂತಾಗುವುದೇ? ಮೊಬೈಲಿಗೆ ಧ್ವನಿಪುಸ್ತಕಗಳು ಬಂದಂದಿನಿಂದ ನಮ್ಮ ಕುಟುಂಬಗಳಲ್ಲಿ ಈ ಪ್ರಶ್ನೆ ಎದ್ದಿದೆ. ಕಾಲೇಜಿಗೆ ಹೋಗುವ ಮಗ ಬಸ್ಸಿನಲ್ಲಿ ಕುಳಿತು ಒಂದು ವಾರದೊಳಗೆ ಇಡೀ ಕಾದಂಬರಿಯೊಂದನ್ನು ಕೇಳಿ ಮುಗಿಸಿದೆನೆನ್ನುತ್ತಾನೆ. ಶಿಕ್ಷಕರಾಗಿ ನಿವೃತ್ತರಾದ ತಂದೆಗೆ ಅದು ಓದೇ ಅಲ್ಲ, ಕೆಲಸಗಳ್ಳರ ಉಪಾಯ. ಇಂಥ ಮನೆಗಳಿಗೆ ಭೇಟಿಯಿತ್ತಾಗ ತಂದೆ ಮಕ್ಕಳಿಬ್ಬರೂ ತೀರ್ಪಿಗಾಗಿ ನಮ್ಮತ್ತ ನೋಡುವುದುಂಟು. ತೀರ್ಪಿನ ಮಾತು ಹಾಗಿರಲಿ, ಇಬ್ಬರನ್ನೂ ಮೊದಲು ಚಡಚಣದ ಸೀಮೆಗೆ ಕರೆದೊಯ್ಯುವುದು ಲೇಸೆಂದು ನಮಗೆ ತೋರುತ್ತದೆ. ಏಕೆಂದರೆ ಕಿವಿಯ ಮಾತು ಕಣ್ಣಿನ ಪುಸ್ತಕವಾದಾಗ ಏನಾಯಿತೆಂಬುದಕ್ಕೆ ಕನ್ನಡದಲ್ಲಿ ಆ ಸೀಮೆಗಿಂತ ಮಿಗಿಲಾದ ಸಾಕ್ಷಿ ಬೇರೊಂದಿಲ್ಲ.

ಹಿಂದೆ ಇಂಡಿ ತಾಲೂಕಿಗೆ ಸೇರಿದ್ದು, ಈಗ ತಾನೇ ತಾಲೂಕು ಕೇಂದ್ರವಾಗಿರುವ ಚಡಚಣವು ಸೊಲ್ಲಾಪುರದ ಗಡಿಗೆ ಹತ್ತಿರವಾದ ಊರು. ಜಾನಪದ ವಿದ್ವಾಂಸರಾದ ಸಿಂಪಿ ಲಿಂಗಣ್ಣನವರು 1905ರಲ್ಲಿ ಹುಟ್ಟಿದ್ದು ಇಲ್ಲಿ. ಹತ್ತಿರದ ಹಲಸಂಗಿಯಲ್ಲಿ, ಮಧುರಚೆನ್ನರೆಂದು ನಾಡು ಕರೆದ ಚೆನ್ನಮಲ್ಲಪ್ಪ ಗಲಗಲಿಯವರ ಸುತ್ತ ಒಂದು ಗೆಳೆಯರ ಬಳಗ ಕೂಡಿತು. ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಆ ಬಳಗದವರು. ಇವರು ಮಾಡಿದ ಕೆಲಸ ಆ ಕಾಲದ ಸುಶಿಕ್ಷಿತರಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅಕ್ಷರ ಬಲ್ಲ ಈ ಯುವಕರು ಅಕ್ಷರವರಿಯದ ಹೆಣ್ಣುಮಕ್ಕಳ ಬಾಯಿಯಿಂದ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. 1933ರಲ್ಲಿ ಲಾವಣಿಗಳ ಸಂಗ್ರಹವಾದ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು.

ಆ ಹಾಡುಗಳು ಹುಟ್ಟಿದ ಬಗೆಯನ್ನು ಇಂದಿನ ಮಕ್ಕಳಿಗೆ ವಿವರಿಸಿಯೇ ಹೇಳಬೇಕು. ಬೆಳಕು ಹರಿಯುವ ಮುನ್ನ ಅಂದಿನ ರೊಟ್ಟಿಗೆ ಬೇಕಾದ ಜೋಳವನ್ನು ಬೀಸಿ ಹಿಟ್ಟು ಮಾಡಬೇಕಿತ್ತು. ಬೀಸುಕಲ್ಲಿನ ಮುಂದೆ ಒಬ್ಬಳು, ಇಲ್ಲವೇ ಎದುರು ಬದುರಾಗಿ ಇಬ್ಬರು ಕುಳಿತು ಒಂದೇ ಗೂಟವನ್ನು ಹಿಡಿದು ಕಲ್ಲು ತಿರುಗಿಸುವರು. ಕಲ್ಲಿನ ಸುತ್ತಿಗೆ ತಕ್ಕಂತೆ ಹಾಡು. ತವರಿನ ನೆನಪು, ಅಣ್ಣತಮ್ಮಂದಿರ ಹಂಬಲ, ತೊಟ್ಟಿಲ ಕೂಸು, ಅತ್ತೆಯ ಮನೆಯ ನೋವು, ಕಲ್ಲಿಗೇ ಕೈಮುಗಿದು ಹೇಳಿದ ಸ್ತುತಿ, ಎಲ್ಲವೂ ಮೂರು ಸಾಲಿನ ತ್ರಿಪದಿಯಲ್ಲಿ. ಹಾಡು ಕಟ್ಟಿದವಳ ಹೆಸರು ಯಾರಿಗೂ ತಿಳಿಯದು. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಅದು ಕಿವಿಯ ದಾರಿಯಿಂದಲೇ ನಡೆದು ಬಂದಿತ್ತು.

ಊರೂರಿಗೆ ಹಿಟ್ಟಿನ ಗಿರಣಿ ಬಂದಿತು. ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ದೊರೆಯಿತು. ಇದನ್ನು ಯಾರೂ ಹಳಿಯಲಾಗದು. ಬೀಸುವ ಕಷ್ಟವನ್ನು ಕಾಣದೆ ಹಾಡಿನ ಸೊಗಸನ್ನು ಮಾತ್ರ ಹೊಗಳುವ ಪಂಡಿತರು ಒಂದು ಮುಂಜಾವು ಎರಡು ಸೇರು ಜೋಳ ಬೀಸಿ ನೋಡಬೇಕು. ಆದರೆ ಕಲ್ಲು ನಿಂತಾಗ ಅದರೊಡನೆ ಹಾಡಿಗಿದ್ದ ನಿತ್ಯದ ನೆಲೆಯೂ ತಪ್ಪಿತು. ಮರೆವಿಗೆ ಸಲ್ಲಬೇಕಾಗಿದ್ದ ಎಷ್ಟೋ ತ್ರಿಪದಿಗಳು ಇಂದು ಉಳಿದಿವೆಯೆಂದರೆ ಯಾರೋ ಅವನ್ನು ಕಾಗದಕ್ಕೆ ಇಳಿಸಿದ್ದರಿಂದ. ನಿವೃತ್ತ ಶಿಕ್ಷಕರ ವಾದಕ್ಕೆ ಇಲ್ಲಿ ದೊಡ್ಡ ಬಲವಿದೆ. ಕಿವಿಯ ನೆನಪು ಕೇಳಿದವಳೊಡನೆ ಮಣ್ಣು ಸೇರುತ್ತದೆ. ಪುಸ್ತಕವು ಹಲಸಂಗಿಯನ್ನು ಕಂಡರಿಯದವನ ಕೈಗೂ ತಲಪುತ್ತದೆ, ಶಿವಮೊಗ್ಗೆಯಲ್ಲೋ ಕಾಸರಗೋಡಿನಲ್ಲೋ ತೆರೆದುಕೊಳ್ಳುತ್ತದೆ.

ಆದರೂ ಅಚ್ಚಿನಲ್ಲಿ ಒಂದು ಕೊರತೆ ಉಳಿಯಿತು. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಮಾತನ್ನು ಮರಳಿ ಎತ್ತಿಕೊಂಡು ಮೂರನೆಯದಕ್ಕೆ ಸಾಗುವ ರೂಢಿಯಿದೆ. ಹೀಗಾಗಿ ಕಣ್ಣಿಗೆ ಮೂರು ಸಾಲಾಗಿರುವ ಪದ್ಯವು ಕಿವಿಗೆ ನಾಲ್ಕಾಗಿ ಕೇಳಿಸುತ್ತದೆ. ಆ ಮರುಕಳಿಕೆಯಲ್ಲಿಯೇ ಹಾಡುವವಳು ಉಸಿರು ತೆಗೆದುಕೊಳ್ಳುತ್ತಾಳೆ; ಎದುರಿನವಳು ದನಿಗೂಡಿಸುತ್ತಾಳೆ. ಪುಟದ ಮೇಲೆ ಈ ನಾಲ್ಕನೆಯ ಸಾಲು ಇಲ್ಲ. ರಾಗವಿಲ್ಲ, ಕಲ್ಲಿನ ಗುರುಗುಟ್ಟುವಿಕೆಯೂ ಇಲ್ಲ. ಸಂಗ್ರಾಹಕರ ದೋಷ ಇದಲ್ಲ. ಅಕ್ಷರವು ಹೊತ್ತೊಯ್ಯಬಲ್ಲದ್ದು ಅಷ್ಟೇ.

ವಿಜಯಪುರ ಜಿಲ್ಲೆಯಲ್ಲಿ ಈ ಕಣ್ಣು ಕಿವಿಗಳ ವ್ಯವಹಾರ ಇನ್ನೂ ಹಳೆಯದು. ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿ ಇರುವುದು ಇಲ್ಲಿಯೇ. ‘ವಚನ’ವೆಂದರೆ ಆಡಿದ ಮಾತು. ಹನ್ನೆರಡನೆಯ ಶತಮಾನದಲ್ಲಿ ಆಡಿದ ಆ ಮಾತು ತಾಡವೋಲೆಗೆ ಇಳಿಯಿತು. ಅನೇಕ ಮನೆಗಳಲ್ಲಿ ಆ ಓಲೆಯ ಕಟ್ಟುಗಳು ಪೂಜೆಗೊಳ್ಳುತ್ತಿದ್ದವೇ ಹೊರತು ಓದಿಸಿಕೊಳ್ಳುತ್ತಿರಲಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಮುಂದೆ ಹಿತಚಿಂತಕ ಮುದ್ರಣಾಲಯವನ್ನು ತೆರೆದು 1926ರಿಂದ ‘ಶಿವಾನುಭವ’ ಪತ್ರಿಕೆಯನ್ನೂ ನಡೆಸಿದರು. ಆ ಬಳಿಕ ಮಲ್ಲಿಕಾರ್ಜುನ ಮನಸೂರರಂಥ ಗಾಯಕರು ವಚನಗಳನ್ನು ಹಾಡಿದರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಮೂಲಕ ಹೊಲದ ಬದುವಿನಲ್ಲಿ ಕುಳಿತವನೂ ಅವನ್ನು ಕೇಳುವಂತಾಯಿತು. ಬಾಯಿಯಿಂದ ಓಲೆಗೆ, ಓಲೆಯಿಂದ ಅಚ್ಚಿಗೆ, ಅಚ್ಚಿನಿಂದ ಮರಳಿ ಬಾಯಿಗೆ. ಮಗನು ಕೇಳುವ ಧ್ವನಿಪುಸ್ತಕವು ಈ ಹಳೆಯ ದಾರಿಯ ಇನ್ನೊಂದು ತಿರುವೆಂದು ತಂದೆ ಒಪ್ಪಿದರೆ ಅವರಿಗೆ ಅವಮಾನವೇನೂ ಆಗದು.

ಮೌನವಾಗಿ ಓದುವುದೇ ನಿಜವಾದ ಓದೆಂಬ ಭಾವನೆಯೂ ಸನಾತನವಾದುದಲ್ಲ. ಸಂತ ಅಗಸ್ಟೀನರು 384ರಲ್ಲಿ ಮಿಲಾನ್ ನಗರಕ್ಕೆ ಬಂದ ಮೇಲೆ ಅಲ್ಲಿನ ಧರ್ಮಾಧ್ಯಕ್ಷರಾಗಿದ್ದ ಸಂತ ಅಂಬ್ರೋಸರು ಓದುತ್ತಿದ್ದ ರೀತಿಯನ್ನು ಕಂಡುದನ್ನು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ದಾಖಲಿಸಿದ್ದಾರೆ. ಅಂಬ್ರೋಸರ ಕಣ್ಣು ಪುಟದ ಮೇಲೆ ಚಲಿಸುತ್ತಿತ್ತು, ನಾಲಿಗೆ ಸುಮ್ಮನಿತ್ತು. ಇದಕ್ಕೊಂದು ಕಾರಣವಿರಲೇಬೇಕೆಂದು ಅಗಸ್ಟೀನರು ಊಹಿಸುತ್ತಾರೆ: ಸುಲಭವಾಗಿ ಒಡೆದುಹೋಗುತ್ತಿದ್ದ ಕಂಠವನ್ನು ಕಾಪಾಡಿಕೊಳ್ಳುವುದಕ್ಕೋ, ಕೇಳಿದವರು ಬಂದು ಕ್ಲಿಷ್ಟ ಪ್ರಶ್ನೆಗಳನ್ನು ಒಡ್ಡದಿರಲೆಂದೋ. ಇಂದು ಮೌನವಾಗಿ ಓದುವವನಿಗೆ ಯಾರೂ ಹೀಗೆ ಕಾರಣ ಹುಡುಕುವುದಿಲ್ಲ. ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ರಥದಲ್ಲಿ ಕುಳಿತ ಇಥಿಯೋಪಿಯದ ಕೋಶಾಧಿಕಾರಿಯು ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿರುವುದು ಫಿಲಿಪ್ಪನ ಕಿವಿಗೆ ಬೀಳುತ್ತದೆ. ಒಬ್ಬನೇ ಪ್ರಯಾಣಿಸುವಾಗಲೂ ಆತ ಗಟ್ಟಿಯಾಗಿ ಓದುತ್ತಿದ್ದನೆಂದಾಯಿತು. ಹಾಗೆ ಓದಿದ್ದರಿಂದಲೇ ಅರ್ಥ ಹೇಳಬಲ್ಲವನೊಬ್ಬ ರಥದ ಬಳಿಗೆ ಓಡಿಬಂದನು.

ಇನ್ನು ನಮ್ಮ ತತ್ತ್ವಶಾಸ್ತ್ರದ ಗುರುಗಳು ಬಿಡದೆ ಓದಿಸುತ್ತಿದ್ದ ಪ್ಲೇಟೋನ ‘ಫೀಡ್ರಸ್’ ಸಂವಾದ. ಅಲ್ಲಿ ಸಾಕ್ರಟೀಸನು ಬರವಣಿಗೆಯ ಮೇಲೆಯೇ ದೂರು ಹೊರಿಸುತ್ತಾನೆ. ಬರೆದ ಮಾತು ಚಿತ್ರದಂತೆ, ಜೀವವಿದ್ದಂತೆ ಕಾಣುತ್ತದೆ, ಪ್ರಶ್ನೆ ಕೇಳಿದರೆ ಮಾತ್ರ ಸುಮ್ಮನಿರುತ್ತದೆ ಎಂಬುದು ಅವನ ಆಕ್ಷೇಪದ ಸಾರ. (ಪ್ಲೇಟೋ ಇದನ್ನು ಬರೆದಿಡದಿದ್ದರೆ ನಮಗೆ ತಿಳಿಯುತ್ತಿರಲಿಲ್ಲವೆಂದು ನಾವು ವಿದ್ಯಾರ್ಥಿಗಳು ನಗುತ್ತಿದ್ದುದೂ ನಿಜ.) ಈ ಒರೆಗಲ್ಲಿಗೆ ಧ್ವನಿಪುಸ್ತಕವನ್ನು ಉಜ್ಜಿ ನೋಡಿರಿ. ಅದಕ್ಕೆ ಬಾಯಿ ಬಂದಿದೆ, ಆದರೆ ಕಿವಿ ಬಂದಿಲ್ಲ. ಅಜ್ಜಿಗೆ ಒಂದು ಮಾತು ತಿಳಿಯಲಿಲ್ಲವೆಂದು ಅದಕ್ಕೆ ಗೊತ್ತಾಗದು; ಕೇಳುವವನು ತೂಕಡಿಸಿದರೂ ಅದು ಕಥೆಯನ್ನು ಮುಂದುವರಿಸುತ್ತದೆ. ಪುಸ್ತಕವೂ ಉತ್ತರ ಕೊಡುವುದಿಲ್ಲ, ದಿಟ. ಆದರೆ ಅದು ಕಾಯುತ್ತದೆ. ಬೆರಳನ್ನು ಸಾಲಿನ ಮೇಲಿಟ್ಟು ಅರ್ಧ ಗಂಟೆ ಯೋಚಿಸಿದರೂ ಸಾಲು ಅಲ್ಲಿಯೇ ಇರುತ್ತದೆ. ಯಂತ್ರವನ್ನೂ ನಿಲ್ಲಿಸಬಹುದು, ಹಿಂದಕ್ಕೆ ಒಯ್ಯಬಹುದು. ಪಾತ್ರೆ ತೊಳೆಯುತ್ತಲೋ ಗಾಡಿ ನಡೆಸುತ್ತಲೋ ಕೇಳುವವರು ಹಾಗೆ ಮಾಡುವುದು ಅಪರೂಪ.

ಗುರುಮಠದ ದಿನಗಳಲ್ಲಿ ನಾವು ಈ ಭೇದವನ್ನು ಊಟದ ಪಂಕ್ತಿಯಲ್ಲಿಯೇ ಕಂಡುಕೊಂಡೆವು. ಉಣ್ಣುವಾಗ ಒಬ್ಬರು ಗಟ್ಟಿಯಾಗಿ ಓದಬೇಕೆಂಬುದು ಸಂತ ಬೆನೆಡಿಕ್ಟರ ನಿಯಮಾವಳಿಯಷ್ಟು ಹಳೆಯ ಪದ್ಧತಿ. ಸಂತರ ಚರಿತ್ರೆಯನ್ನೋ ಪ್ರವಾಸ ಕಥನವನ್ನೋ ಓದಿದಾಗ ತಟ್ಟೆಯ ಅನ್ನ ಆರುವಷ್ಟು ಮೈಮರೆತು ಕೇಳುತ್ತಿದ್ದೆವು. ಸಂತ ತೋಮಸ್ ಅಕ್ವಿನಾಸರ ವಾದಸರಣಿಗೆ ಮಾತ್ರ ಆ ಸ್ಥಳ ಒಗ್ಗುವುದಿಲ್ಲ. ಮೊದಲು ಆಕ್ಷೇಪಗಳು, ಆಮೇಲೆ ಸಿದ್ಧಾಂತ, ಕೊನೆಗೆ ಒಂದೊಂದೇ ಆಕ್ಷೇಪಕ್ಕೆ ಸಮಾಧಾನ. ಮೂರನೆಯ ಸಮಾಧಾನಕ್ಕೆ ಬರುವಷ್ಟರಲ್ಲಿ ಮೂರನೆಯ ಆಕ್ಷೇಪ ಏನೆಂಬುದನ್ನು ಕಣ್ಣು ಮೇಲೆ ಹೋಗಿ ನೋಡಿ ಬರಬೇಕು. ಕಿವಿಗೆ ಆ ಸೌಕರ್ಯವಿಲ್ಲ.

ಇತ್ತೀಚಿನ ಪರೀಕ್ಷೆಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. 2016ರಲ್ಲಿ ಅಮೆರಿಕದ ಬೆತ್ ರೊಗೊವ್ಸ್ಕಿ ಮತ್ತು ಸಂಗಡಿಗರು ಒಂದು ಜೀವನಕಥನದ ಭಾಗಗಳನ್ನು ಕೆಲವರಿಗೆ ಕೇಳಿಸಿದರು, ಕೆಲವರಿಂದ ಪರದೆಯ ಮೇಲೆ ಓದಿಸಿದರು. ಎರಡು ವಾರಗಳ ಬಳಿಕ ವಿಚಾರಿಸಿದಾಗಲೂ ಇಬ್ಬರ ತಿಳಿವಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2010ರಲ್ಲಿ ಡೇವಿಡ್ ಡೇನಿಯಲ್ ಮತ್ತು ವಿಲಿಯಂ ವುಡಿ ಕಾಲೇಜು ವಿದ್ಯಾರ್ಥಿಗಳಿಗೆ ಪಾಠಕ್ಕೆ ಸಂಬಂಧಿಸಿದ ಲೇಖನವೊಂದನ್ನು ಹೀಗೆಯೇ ಕೊಟ್ಟಾಗ ಕೇಳಿದವರು ಓದಿದವರಿಗಿಂತ ಕಡಿಮೆ ಅಂಕ ಪಡೆದರು. ಆದುದರಿಂದ ಕಾದಂಬರಿಯನ್ನು ಕೇಳಿ ಮುಗಿಸಿದ ಮಗನನ್ನು ತಂದೆಯವರು ಓದಿದವರ ಪಂಕ್ತಿಯಲ್ಲಿಯೇ ಕೂರಿಸಬಹುದು. ಅದೇ ಮಗನು ಪರೀಕ್ಷೆಯ ಹಿಂದಿನ ರಾತ್ರಿ ಅರ್ಥಶಾಸ್ತ್ರವನ್ನೂ ಕಿವಿಯಿಂದಲೇ ಮುಗಿಸುತ್ತೇನೆಂದರೆ ಆಗ ತಂದೆಯ ಮಾತೇ ನಡೆಯಬೇಕು.

ಧ್ವನಿಪುಸ್ತಕವನ್ನು ಹಗುರವಾಗಿ ಕಾಣುವವರು ಅದು ಯಾರಿಗಾಗಿ ಹುಟ್ಟಿತೆಂಬುದನ್ನೂ ನೆನೆಯಬೇಕು. ಎಡಿಸನ್ನನು 1877ರಲ್ಲಿ ಫೋನೋಗ್ರಾಫನ್ನು ಕಂಡುಹಿಡಿದು, ಮರುವರ್ಷ ಅದರ ಉಪಯೋಗಗಳನ್ನು ಪಟ್ಟಿಮಾಡುವಾಗಲೇ ಅಂಧರಿಗಾಗಿ ಮಾತನಾಡುವ ಪುಸ್ತಕಗಳನ್ನು ಹೆಸರಿಸಿದ್ದನು. 1930ರ ದಶಕದಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಅವು ಗ್ರಾಮಫೋನ್ ತಟ್ಟೆಗಳಾಗಿ ಬಂದವು. ದೃಷ್ಟಿಹೀನರಿಗೆ ಓದಲು ಅನುಕೂಲವಾದ ರೂಪದಲ್ಲಿ ಪುಸ್ತಕ ಒದಗಿಸಲು 2013ರಲ್ಲಿ ಮರಾಕೇಶದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಅನುಮೋದಿಸಿದ ದೇಶ ನಮ್ಮದು. ವಿಜಯಪುರ ಜಿಲ್ಲೆಯಲ್ಲಿ 2011ರ ಜನಗಣತಿಯ ಹೊತ್ತಿಗೆ ಸಾಕ್ಷರರು ನೂರಕ್ಕೆ ಸುಮಾರು 67 ಮಂದಿ. ಉಳಿದವರಿಗೂ ಕಣ್ಣು ಮಂಜಾದ ಹಿರಿಯರಿಗೂ ಕಿವಿಯೊಂದೇ ಬಾಗಿಲು. ಕನ್ನಡದಲ್ಲಿ ಈಗ ಮೈಲ್ಯಾಂಗ್‌ನಂಥ ಸಂಸ್ಥೆಗಳು ಧ್ವನಿಪುಸ್ತಕಗಳನ್ನು ತರುತ್ತಿವೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ದೇಹ ಬಿಟ್ಟರು. ಅವರ ಪ್ರವಚನದ ದನಿಯನ್ನು ಈ ಭಾಗದ ಜನ ಮೊಬೈಲಿನಲ್ಲಿ ಇಂದಿಗೂ ಕೇಳುತ್ತಾರೆ.

ಅವರ ಪ್ರವಚನಕ್ಕೆ ಬೆಳಗಿನ ಹೊತ್ತು ಸಾವಿರಾರು ಜನ ಒಟ್ಟಿಗೆ ಕೂರುತ್ತಿದ್ದರು. ಶ್ರಾವಣಮಾಸದಲ್ಲಿ ಗುಡಿಗಳಲ್ಲಿ, ಮಠಗಳಲ್ಲಿ ಪುರಾಣ ಹೇಳುವಾಗಲೂ ಹಾಗೆಯೇ. ಕೇಳಿದ್ದನ್ನು ಮನೆಗೆ ಮರಳುವ ದಾರಿಯಲ್ಲಿ ಮಾತಾಡಿಕೊಳ್ಳಲು ಜೊತೆಗಾರರಿರುತ್ತಾರೆ. ನಮ್ಮನ್ನು ಚಿಂತೆಗೀಡುಮಾಡುವುದು ಈ ಜೊತೆ ಕಡಿಮೆಯಾಗುತ್ತಿರುವುದೇ. ಸಂಜೆಯ ಜಪಸರದ ಬಳಿಕ ಮನೆಯ ಹುಡುಗಿಯೊಬ್ಬಳು ಬೈಬಲಿನ ಒಂದು ಭಾಗವನ್ನೋ ಪತ್ರಿಕೆಯ ಒಂದು ಅಂಕಣವನ್ನೋ ಗಟ್ಟಿಯಾಗಿ ಓದುವ ವಾಡಿಕೆ ಅನೇಕ ಕುಟುಂಬಗಳಲ್ಲಿತ್ತು. ಅವಳು ತಪ್ಪಾಗಿ ಉಚ್ಚರಿಸಿದರೆ ತಂದೆ ತಿದ್ದುವರು. ಅಜ್ಜಿ ನಡುವೆ ತಡೆದು ಇನ್ನೊಮ್ಮೆ ಓದೆನ್ನುವರು. ಈಗ ಅಜ್ಜಿಗೂ ಒಂದು ಮೊಬೈಲು ಕೊಡಿಸಿ, ಭಕ್ತಿಗೀತೆ ಹಚ್ಚಿಕೊಟ್ಟು, ಉಳಿದವರು ಒಬ್ಬೊಬ್ಬರೂ ತಮ್ಮ ಕಿವಿಯನ್ನು ತಾವು ಮುಚ್ಚಿಕೊಂಡಿರುವ ಮನೆಗಳನ್ನು ನಾವು ಕಂಡಿದ್ದೇವೆ. ಅಜ್ಜಿಗೆ ಬೇಸರವೇನೂ ಇಲ್ಲವೆಂದು ಸೊಸೆ ಹೇಳಿದರು. ಅಜ್ಜಿ ಮಾತ್ರ ಏನನ್ನೂ ಹೇಳಲಿಲ್ಲ.

ತಂದೆಮಗನ ವ್ಯಾಜ್ಯಕ್ಕಿಂತ ಈ ಅಜ್ಜಿಯ ಪಾಲು ನಮಗೆ ಮುಖ್ಯವೆನಿಸುತ್ತದೆ. ಧ್ವನಿಪುಸ್ತಕ ಇರಲಿ, ಹಗಲು ಒಬ್ಬರೇ ಇರುವಾಗ ಆಕೆಗೆ ಅದು ಒಳ್ಳೆಯ ಸಂಗಾತಿ. ಮಕ್ಕಳು ಮನೆಗೆ ಬಂದ ಮೇಲೆ ದಿನಕ್ಕೆ ಕಾಲು ಗಂಟೆ ಅಚ್ಚಿನ ಪುಸ್ತಕವೊಂದನ್ನು ಆಕೆಯ ಬಳಿ ಕುಳಿತು ಓದಲಿ. ಆ ಕಾಲು ಗಂಟೆಯಲ್ಲಿ ಓದುವವನ ಕಣ್ಣಿಗೂ ಕೇಳುವವಳ ಕಿವಿಗೂ ಕೆಲಸವಿರುತ್ತದೆ. ಕನ್ನಡ ಮಾಧ್ಯಮ ಬಿಟ್ಟ ಮೊಮ್ಮಕ್ಕಳ ಒತ್ತಕ್ಷರವೂ ಅಷ್ಟಿಷ್ಟು ನೆಟ್ಟಗಾದೀತು.

ಯಾವ ಪುಸ್ತಕವೆಂದು ಕೇಳುವಿರಾದರೆ, ಉತ್ತರ ಕರ್ನಾಟಕದ ಮನೆಗಳಿಗೆ ‘ಗರತಿಯ ಹಾಡು’ ಒಳ್ಳೆಯದು. ಬೀಸುಕಲ್ಲಿನ ಮುಂದೆ ಕುಳಿತಿದ್ದ ತಾಯಂದಿರ ಹೆಣ್ಣುಮಕ್ಕಳು ಕೆಲವರು ನಮ್ಮ ನಡುವೆ ಇನ್ನೂ ಇದ್ದಾರೆ. ಅಂಥವರ ಮುಂದೆ ಒಂದು ತ್ರಿಪದಿಯ ಎರಡು ಸಾಲನ್ನು ನಿಧಾನವಾಗಿ ಓದಿ, ಸ್ವಲ್ಪ ತಡೆಯಿರಿ. ಪುಸ್ತಕದಲ್ಲಿ ಇಲ್ಲದ ಆ ಮರುಕಳಿಕೆಯನ್ನು ಆಕೆಯೇ ಎತ್ತಿಕೊಂಡರೆ ಅಲ್ಲಿ ಪೆನ್ಸಿಲಿನಿಂದ ಒಂದು ಗುರುತು ಮಾಡಿ, ಪಕ್ಕದಲ್ಲಿ ಆಕೆಯ ಹೆಸರನ್ನೂ ದಿನಾಂಕವನ್ನೂ ಬರೆದಿಡಿರಿ.