ಸೊಂಟದ ಬೆಲ್ಟು ಸಾಲದು: ಗಿಡ ಹತ್ತುವವರ ಹಾರ್ನೆಸ್ ಹೇಗಿರಬೇಕು?

ನಮ್ಮ ಬಾಗಲಕೋಟೆ ಸೀಮೆಯಲ್ಲಿ ಎತ್ತರದ ಕೆಲಸಕ್ಕೇನೂ ಕೊರತೆಯಿಲ್ಲ. ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ದಂಡೆಯ ತೋಟಗಳಲ್ಲಿ ತೆಂಗಿನ ಗಿಡ ಹತ್ತಬೇಕು. ಬಾದಾಮಿ, ಹುನಗುಂದದ ಒಣಭೂಮಿಯ ಬದುಗಳಲ್ಲಿ ಹುಣಸೆ ಬಡಿಯಬೇಕು. ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯಲು ಇಳಿಯಬೇಕು. ಶೆಡ್ಡಿನ ತಗಡು ಬದಲಿಸಬೇಕು. ಇಳಕಲ್ಲಿನ ಸುತ್ತಮುತ್ತ ಗ್ರಾನೈಟ್ ಕ್ವಾರಿಗೆ ಕೂಲಿಗೆ ಹೋದವರು ಬಂಡೆಯ ಅಂಚಿನಲ್ಲೇ ದಿನ ಕಳೆಯುತ್ತಾರೆ. ಈ ಎಲ್ಲ ಕೆಲಸಗಳಲ್ಲೂ ರಕ್ಷಣೆ ಅಂದರೆ ಸೊಂಟಕ್ಕೊಂದು ಹಗ್ಗ. ಸ್ವಲ್ಪ ಮುಂದುವರಿದವರಲ್ಲಿ ಒಂದು ಬೆಲ್ಟು. ಬಹಳ ಕಡೆ ಅದೂ ಇಲ್ಲ.

ಬೆಲ್ಟು ಕಟ್ಟಿದರೆ ಸಾಕು, ಜೀವ ಉಳಿಯಿತು ಎಂದು ನಾವು ತಿಳಿಯುತ್ತೇವೆ. ಆದರೆ ಬೀಳುವ ಮನುಷ್ಯನನ್ನು ತಪ್ಪಾದ ಜಾಗದಲ್ಲಿ ಹಿಡಿದು ನಿಲ್ಲಿಸಿದರೆ ಆ ಬೆಲ್ಟೇ ಬೆನ್ನು ಮುರಿಯಬಹುದು. ಅಮೆರಿಕದಲ್ಲಿ 1998ರ ಜನವರಿ 1ರಿಂದ, ಬಿದ್ದವರನ್ನು ತಡೆಯಲು ಸೊಂಟದ ಬೆಲ್ಟು ಬಳಸುವುದನ್ನೇ ನಿಷೇಧಿಸಿದ್ದಾರೆ. ಯಾಕೆ ಎಂಬುದು ಗಿಡ ಹತ್ತುವವರಿಗೂ ಹತ್ತಿಸುವವರಿಗೂ ಗೊತ್ತಿರಬೇಕು.

ಬಿದ್ದಾಗ ಆಗುವುದೇನು?

ಒಂದು ಸರಳ ಲೆಕ್ಕ ಹಾಕೋಣ. 70 ಕಿಲೋ ತೂಕದ ಆಳು. ಅವನ ಹಗ್ಗದಲ್ಲಿ 1.8 ಮೀಟರ್, ಅಂದರೆ ಸುಮಾರು 6 ಅಡಿ ಸಡಿಲ ಇದೆ. ಕಾಲು ಜಾರಿದರೆ ಅಷ್ಟೂ ದೂರ ಅವನು ಸುಮ್ಮನೆ ಬೀಳುತ್ತಾನೆ. ಹಗ್ಗ ಬಿಗಿಯಾಗುವ ಹೊತ್ತಿಗೆ ಅವನ ವೇಗ ಗಂಟೆಗೆ 21 ಕಿಲೋಮೀಟರ್. ಹಗ್ಗ ಜಗ್ಗಿ 15 ಸೆಂಟಿಮೀಟರ್ ಒಳಗೇ ಅವನನ್ನು ನಿಲ್ಲಿಸಿತು ಅನ್ನಿ. ಆಗ ಅವನ ಮೈಮೇಲೆ ಬೀಳುವ ಸರಾಸರಿ ಎಳೆತ ತೂಕದ 13 ಪಟ್ಟು, ಅಂದರೆ ಸುಮಾರು 900 ಕಿಲೋ. ಗರಿಷ್ಠ ಏಟು ಇದಕ್ಕೂ ಹೆಚ್ಚು.

ಹಗ್ಗವನ್ನು ತಲೆಯ ಮೇಲೆ ಕಟ್ಟದೆ ಕಾಲಿನ ಮಟ್ಟಕ್ಕೆ ಕಟ್ಟಿದ್ದರೆ? ಬೀಳುವ ದೂರ ದುಪ್ಪಟ್ಟು, ಏಟೂ ಹೆಚ್ಚುಕಡಿಮೆ ದುಪ್ಪಟ್ಟು. ಅದೇ ಸಡಿಲವನ್ನು 2 ಅಡಿಗೆ ಇಳಿಸಿದರೆ ಎಳೆತ 350 ಕಿಲೋಗೆ ಇಳಿಯುತ್ತದೆ. ಹಗ್ಗ ಎಷ್ಟು ಗಟ್ಟಿ ಎಂಬುದಕ್ಕಿಂತ ಸಡಿಲ ಎಷ್ಟು, ಕಟ್ಟಿದ್ದು ಎಲ್ಲಿ ಎಂಬುದು ಇಲ್ಲಿ ಮುಖ್ಯ.

ಇಷ್ಟು ಏಟು ಸೊಂಟದ ಒಂದೇ ಪಟ್ಟಿಯ ಮೇಲೆ ಬಿದ್ದರೆ ದೇಹ ಮಡಚಿದ ಚಾಕುವಿನಂತೆ ಬಾಗುತ್ತದೆ. ಬೆನ್ನೆಲುಬಿಗೆ ಪೆಟ್ಟು. ಹೊಟ್ಟೆಯ ಮೆತ್ತನೆ ಭಾಗದಲ್ಲಿ ಪಟ್ಟಿ ಒತ್ತಿ ಯಕೃತ್ತು, ಗುಲ್ಮಗಳಿಗೆ ಪೆಟ್ಟು. ಒಳಗೇ ರಕ್ತ ಸೋರಿದರೆ ಹೊರಗೆ ಕಾಣುವುದಿಲ್ಲ. ಬೆಲ್ಟು ಸಡಿಲವಿದ್ದರೆ ಎದೆಗೆ ಜಾರಿ ಉಸಿರು ಕಟ್ಟುತ್ತದೆ, ಇಲ್ಲವೇ ಮನುಷ್ಯ ತಲೆಕೆಳಗಾಗಿ ಬೆಲ್ಟಿನಿಂದಲೇ ಜಾರಿ ಬೀಳುತ್ತಾನೆ.

ಹಾಗಂತ ಸೊಂಟದ ಬೆಲ್ಟು ನಿರುಪಯೋಗಿಯಲ್ಲ. ಲೈನ್‌ಮನ್ ಕಂಬಕ್ಕೆ ಒರಗಿ ನಿಂತು ಕೆಲಸ ಮಾಡುವಂತೆ, ಹಗ್ಗ ಬಿಗಿಯಾಗಿಟ್ಟು ಒರಗಲು ಅದು ಸರಿ. ಬಿದ್ದಾಗ ಹಿಡಿಯುವ ಕೆಲಸ ಅದರದಲ್ಲ.

ಪೂರ್ತಿ ಮೈಯ ಹಾರ್ನೆಸ್

ಹೆಗಲಿಗೆ ಎರಡು ಪಟ್ಟಿ, ಎದೆಗೊಂದು ಅಡ್ಡಪಟ್ಟಿ, ತೊಡೆಗಳಿಗೆ ಎರಡು ಪಟ್ಟಿ, ಬೆನ್ನಿನ ಮೇಲ್ಭಾಗದಲ್ಲಿ ಇಂಗ್ಲಿಷಿನ ‘ಡಿ’ ಅಕ್ಷರದಂಥ ಬಳೆ. ಇದು ಪೂರ್ತಿ ಹಾರ್ನೆಸ್. ಏಟು ತೊಡೆ, ಕುಂಡೆ, ಎದೆ, ಹೆಗಲಿಗೆ ಹಂಚಿಹೋಗುತ್ತದೆ. ಬೆನ್ನ ಬಳೆ ಎರಡು ರೆಕ್ಕೆಮೂಳೆಗಳ ನಡುವೆ ಇರುವುದರಿಂದ ನೇತಾಡುವಾಗ ತಲೆ ಮೇಲೆ, ಕಾಲು ಕೆಳಗೆ ಇರುತ್ತದೆ. ಬಳೆ ಕೆಳಕ್ಕೆ ಜಾರಿದ್ದರೆ ಮನುಷ್ಯ ಬೋರಲು ನೇತಾಡುತ್ತಾನೆ.

ಕೊಳ್ಳುವಾಗ ಐ.ಎಸ್. 3521 ಎಂಬ ಭಾರತೀಯ ಮಾನಕದ ಸಂಖ್ಯೆ, ಐ.ಎಸ್.ಐ. ಮುದ್ರೆ, ತಯಾರಾದ ತಿಂಗಳು-ವರ್ಷ ಇವೆಯೇ ನೋಡಿ. ಗುಜರಿಯಲ್ಲಿ ಸಿಕ್ಕ ಕಾರಿನ ಸೀಟ್ ಬೆಲ್ಟಿಗೆ ಬಕಲ್ ಹೊಲಿಸಿಕೊಂಡದ್ದು, ಲಾರಿಗೆ ಹೇರು ಬಿಗಿಯುವ ಪಟ್ಟಿಯಲ್ಲಿ ಮಾಡಿಸಿದ್ದು ಬೇಡವೇ ಬೇಡ. ಚಪ್ಪಲಿ ಹೊಲಿಯುವ ದಾರದ ಹೊಲಿಗೆ ಅಷ್ಟು ಏಟು ತಾಳುವುದಿಲ್ಲ.

ಒಳ್ಳೆಯ ಹಾರ್ನೆಸ್ಸನ್ನೂ ಸಡಿಲವಾಗಿ ತೊಟ್ಟರೆ ಗಾಯ ತಪ್ಪದು. ಎದೆಪಟ್ಟಿ ಎದೆಯ ಮಧ್ಯಕ್ಕಿರಲಿ. ಮೇಲಿದ್ದರೆ ಬಿದ್ದಾಗ ಕುತ್ತಿಗೆಗೆ ಏರುತ್ತದೆ. ತೊಡೆಪಟ್ಟಿಯೊಳಗೆ ಅಂಗೈ ಚಪ್ಪಟೆಯಾಗಿ ತೂರಬೇಕು, ಮುಷ್ಟಿ ತೂರಬಾರದು. ಸಡಿಲ ತೊಡೆಪಟ್ಟಿ ಗಂಡಸರಿಗೆ ಆಯಕಟ್ಟಿನ ಜಾಗದಲ್ಲೇ ಪೆಟ್ಟು ಮಾಡುತ್ತದೆ. ಧೋತರ, ಲುಂಗಿ ಮೇಲೆ ಕಟ್ಟಿಕೊಂಡರೆ ಬಟ್ಟೆ ಗಂಟುಗಟ್ಟಿ ಪಟ್ಟಿ ಸರಿಯಾಗಿ ಕೂರುವುದಿಲ್ಲ. ಪ್ಯಾಂಟೋ ದಪ್ಪ ಚಡ್ಡಿಯೋ ಇರಲಿ.

ಶಾಕ್ ಅಬ್ಸಾರ್ಬರ್: ಒಳ್ಳೆಯದೇ, ಆದರೆ...

ಮೋಟರ್‌ಸೈಕಲ್ಲಿಗೆ ಇರುವಂತೆ ಈ ಹಗ್ಗಕ್ಕೂ ಶಾಕ್ ಅಬ್ಸಾರ್ಬರ್ ಬರುತ್ತದೆ. ನೋಡಲು ಪುಟ್ಟ ಪೊಟ್ಟಣ. ಒಳಗೆ ಮಡಚಿ ಹೊಲಿದ ಪಟ್ಟಿ. ಜೋರಾಗಿ ಜಗ್ಗಿದಾಗ ಹೊಲಿಗೆ ಒಂದೊಂದೇ ಹರಿಯುತ್ತ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಮೇಲಿನ ಲೆಕ್ಕದಲ್ಲಿ 15 ಸೆಂಟಿಮೀಟರಿನಲ್ಲಿ ನಿಂತವನು 75 ಸೆಂಟಿಮೀಟರಿನಲ್ಲಿ ನಿಂತರೆ ಸರಾಸರಿ ಎಳೆತ 900 ಕಿಲೋ ಇದ್ದದ್ದು 240 ಕಿಲೋಗೆ ಇಳಿಯುತ್ತದೆ. ಯುರೋಪಿನ ಮಾನಕದ ಪ್ರಕಾರ ಈ ಏಟು 6 ಕಿಲೋನ್ಯೂಟನ್, ಅಂದರೆ ಸುಮಾರು 600 ಕಿಲೋ ಮೀರಬಾರದು.

ಆದರೆ ಇದು ಬಿಚ್ಚಿಕೊಳ್ಳಲು ಜಾಗ ಬೇಕು. ಹಗ್ಗ 1.8 ಮೀಟರ್, ಪೊಟ್ಟಣ ಪೂರ್ತಿ ಬಿಚ್ಚಿದರೆ 1.75 ಮೀಟರ್, ಬೆನ್ನ ಬಳೆಯಿಂದ ಪಾದಕ್ಕೆ 1.5 ಮೀಟರ್; ಕೆಳಗೆ ಉಳಿಕೆ 1 ಮೀಟರ್. ಕೂಡಿಸಿದರೆ 6 ಮೀಟರ್, ಅಂದರೆ 20 ಅಡಿ. ಹಗ್ಗ ಕಟ್ಟಿದ ಜಾಗ ನೆಲದಿಂದ 20 ಅಡಿಗಿಂತ ಕೆಳಗಿದ್ದರೆ ಹಗ್ಗ ಹಿಡಿಯುವ ಮೊದಲೇ ನೆಲ ಹಿಡಿಯಬಹುದು! ಹನ್ನೆರಡು ಅಡಿಯ ಶೆಡ್ಡಿನ ಮೇಲೆ ಈ ಹಗ್ಗ ಹಾಕಿಕೊಂಡು ಧೈರ್ಯದಿಂದ ಓಡಾಡುವುದು ಮೋಸ. ಅಲ್ಲಿ ಅಂಚಿನವರೆಗೆ ಹೋಗಲಾಗದಷ್ಟು ಗಿಡ್ಡ ಹಗ್ಗ ಕಟ್ಟುವುದೇ ಸರಿ.

ಬಾದಾಮಿಯ ಬಂಡೆ ಏರುವವರು

‘ಬಾದಾಮಿ ಬಂಡಿ ಹತ್ತೋ ಹುಡುಗರಿಗೆ ಬೆನ್ನಿಗೆ ಬಳೀನೂ ಇಲ್ಲ, ಪೊಟ್ಟಣಾನೂ ಇಲ್ಲ, ಅವರೇನು ಸಾಯ್ತಾರೇನ್ರಿ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳಿಗೆ ದೇಶ-ವಿದೇಶಗಳಿಂದ ಏರುವವರು ಬರುತ್ತಾರೆ. ಅವರದು ಸೊಂಟ-ತೊಡೆಗಳ ಕೂರುವ ಹಾರ್ನೆಸ್, ಭಾರ ತೊಡೆಗೆ ಬೀಳುತ್ತದೆ. ಮುಖ್ಯ ಗುಟ್ಟು ಇರುವುದು ಹಗ್ಗದಲ್ಲಿ. ಅದು ಬಿದ್ದಾಗ ರಬ್ಬರಿನಂತೆ ಜಗ್ಗುವ ಹಾಗೆ ಹೆಣೆದದ್ದು; ಇಡೀ ಹಗ್ಗವೇ ಅವರಿಗೆ ಶಾಕ್ ಅಬ್ಸಾರ್ಬರ್. ಜೊತೆಗೆ ಕೆಳಗೆ ಒಬ್ಬ ಹಗ್ಗ ಹಿಡಿದು, ಕಣ್ಣು ಕೀಳದೆ ನಿಂತಿರುತ್ತಾನೆ. ಅದನ್ನು ನೋಡಿ ನಾವು ಬಾವಿಯ ನೈಲಾನ್ ಹಗ್ಗ ಸೊಂಟಕ್ಕೆ ಬಿಗಿದರೆ ಎರಡೂ ಇಲ್ಲ. ಅವರಿಂದ ಕಲಿಯಬೇಕಾದದ್ದು ಇನ್ನೊಂದಿದೆ: ಏರುವ ಮೊದಲು ಒಬ್ಬರ ಬಕಲ್, ಗಂಟುಗಳನ್ನು ಇನ್ನೊಬ್ಬರು ಮುಟ್ಟಿ ನೋಡುತ್ತಾರೆ. ಇದಕ್ಕೆ ಖರ್ಚಿಲ್ಲ.

ತೆಂಗಿನ ಗಿಡದ ಕಷ್ಟವೇ ಬೇರೆ

ಕಟ್ಟಡದಲ್ಲಿ ತಲೆಯ ಮೇಲೆ ತೊಲೆ, ಕೊಂಡಿ ಇರುತ್ತದೆ. ತೆಂಗಿನ ಗಿಡದಲ್ಲಿ ತಲೆಯ ಮೇಲೆ ಗರಿ ಬಿಟ್ಟರೆ ಏನಿಲ್ಲ. ಗರಿಯ ಬುಡಕ್ಕೋ ಗೊನೆಗೋ ಹಗ್ಗ ಕಟ್ಟುವುದು ಆಯುಷ್ಯವನ್ನು ಒಣಗರಿಗೆ ನೇತುಹಾಕಿದಂತೆ. ಕಟ್ಟಬೇಕಾದದ್ದು ಕಾಂಡಕ್ಕೆ. ಅದೂ ಸುಮ್ಮನೆ ಸುತ್ತಿದ ಬಳೆಯಾದರೆ, ಜಾರಿದಾಗ ಬಳೆಯೂ ಕಾಂಡದ ಗುಂಟ ಜಾರುತ್ತದೆ. ಎದೆ, ಮುಖ, ತೋಳು ಕೆರೆದುಹೋಗುತ್ತವೆ. ಭಾರ ಬಿದ್ದಾಗ ತಾನೇ ಬಿಗಿಯುವ ಉರುಳಿನಂಥ ಪಟ್ಟಿ ಬೇಕು. ಅಂಥ ಪಟ್ಟಿ ಎರಡಿರಲಿ. ಒಂದನ್ನು ಮೇಲಕ್ಕೆ ಸರಿಸುವಾಗ ಇನ್ನೊಂದು ಕಾಂಡ ಹಿಡಿದಿರಬೇಕು. ಯಾವ ಗಳಿಗೆಯಲ್ಲೂ ಎರಡೂ ಬಿಚ್ಚಿರಬಾರದು.

ಮುಂದಿನ ಎದೆಬಳೆಗೆ ಈ ಪಟ್ಟಿ ಸೇರಿಸುವುದು ಕೈಗೆ ಅನುಕೂಲ. ಆದರೆ ಎದೆಬಳೆ 2 ಅಡಿಗಿಂತ ಹೆಚ್ಚು ಬೀಳುವಿಕೆಗೆ ಹೇಳಿದ್ದಲ್ಲ. ಹಾಗಾಗಿ ಪಟ್ಟಿ ಎದೆಮಟ್ಟಕ್ಕಿಂತ ಕೆಳಗೆ ಬರದಂತೆ ಸರಿಸುತ್ತಲೇ ಹೋಗಬೇಕು.

ಕೇರಳದ ಚೆಂಬೇರಿ ಜೋಸೆಫರ ಹತ್ತುವ ಯಂತ್ರ ನಮ್ಮ ಕಡೆಗೂ ಬಂದಿದೆ. ನಿಂತು ಹೆಜ್ಜೆ ಹಾಕುತ್ತ ಏರುವ ಈ ಯಂತ್ರ ಶ್ರಮ ಕಡಿಮೆ ಮಾಡಿದೆ, ಹೊಸಬರೂ ಹತ್ತುತ್ತಾರೆ. ಆದರೆ ಬರೀ ಯಂತ್ರ ಅಂದರೆ ಪಾದಕ್ಕೆ ಮಾತ್ರ ಆಸರೆ. ಕೈ ಬಿಟ್ಟರೆ ಮೈ ಹಿಂದಕ್ಕೆ ಬೀಳುತ್ತದೆ. ಇದಕ್ಕಾಗಿಯೇ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಈ ಯಂತ್ರಕ್ಕೊಂದು ಸುರಕ್ಷಾ ಜೋಡಣೆ ರೂಪಿಸಿದೆ. ಯಂತ್ರ ಕೊಳ್ಳುವವರು ಅದನ್ನೂ ಕೇಳಿ ಪಡೆಯಿರಿ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ತರಬೇತಿ ಆರಂಭಿಸಿತು. ಹತ್ತುವವರಿಗಾಗಿ ‘ಕೇರ ಸುರಕ್ಷಾ’ ವಿಮೆಯನ್ನೂ ತಂದಿತು. ಈಗಿನ ನಿಯಮ, ಕಂತುಗಳನ್ನು ಮಂಡಳಿಯ ಬೆಂಗಳೂರು ಕಚೇರಿಯಲ್ಲಿ ವಿಚಾರಿಸಿ.

ಹುಣಸೆಯಲ್ಲಿ ಇನ್ನೊಂದು ಅಪಾಯ. ಹಗ್ಗ ನಡುಕಾಂಡಕ್ಕೆ ಕಟ್ಟಿ ಟೊಂಗೆಯ ತುದಿಗೆ ಹೋದವನು ಬಿದ್ದರೆ ನೇರ ಕೆಳಗೆ ಬೀಳುವುದಿಲ್ಲ, ತೊಟ್ಟಿಲಿನಂತೆ ತೂಗಿ ಕಾಂಡಕ್ಕೇ ಬಡಿದುಕೊಳ್ಳುತ್ತಾನೆ. ಕಟ್ಟುವ ಜಾಗ ಆದಷ್ಟೂ ತಲೆಯ ನೇರಕ್ಕಿರಲಿ.

ಹಗ್ಗದ ವೈರಿಗಳು

ಕತ್ತಿ: ಗೊನೆ ಕಡಿಯುವ ಏಟು ತಪ್ಪಿ ಪಟ್ಟಿಗೆ ಬಿದ್ದರೆ ಮುಗಿಯಿತು. ಕಡಿಯುವ ಹೊತ್ತಿಗೆ ಎರಡೂ ಪಟ್ಟಿ ಕಾಂಡಕ್ಕಿರಲಿ.

ಕಲ್ಲಿನ ಅಂಚು: ಬಾವಿಯ ಕಟ್ಟೆ, ಕ್ವಾರಿಯ ಅಂಚಿಗೆ ತಿಕ್ಕಿದ ಹಗ್ಗ ಭಾರ ಬಿದ್ದಾಗ ಬಾಳೆದಿಂಡಿನಂತೆ ಕತ್ತರಿಸಿ ಹೋಗುತ್ತದೆ. ಗೋಣಿಚೀಲ ಮಡಚಿಯೋ ಹಳೆ ಟೈರಿನ ತುಂಡೋ ಅಡಿಗೆ ಹಾಕಿ.

ಬಿಸಿಲು: ನಮ್ಮ ಬೇಸಿಗೆ ನೈಲಾನ್, ಪಾಲಿಯೆಸ್ಟರ್ ಎರಡನ್ನೂ ತಿನ್ನುತ್ತದೆ. ಬಣ್ಣ ಮಾಸಿ ಪಟ್ಟಿ ಪೆಡಸಾಗಿದ್ದರೆ ಶಕ್ತಿ ಹೋಗಿದೆ ಅಂತಲೇ ಅರ್ಥ.

ಔಷಧಿ: ನೈಲಾನಿಗೆ ಆಮ್ಲ ಆಗದು, ಪಾಲಿಯೆಸ್ಟರಿಗೆ ತೀಕ್ಷ್ಣ ಕ್ಷಾರ ಆಗದು. ಬ್ಯಾಟರಿ, ಸುಣ್ಣದ ಚೀಲ, ಬೋರ್ಡೋ ದ್ರಾವಣದ ಡ್ರಮ್ಮಿನ ಹತ್ತಿರ ಹಾರ್ನೆಸ್ ಇಡಬೇಡಿ. ಇಲಿ ಬಾರದ, ನೆರಳಿನ ಜಾಗದಲ್ಲಿ ತೂಗುಹಾಕಿ.

ಗಂಟು: ಹಗ್ಗದಲ್ಲಿ ಗಂಟು ಹಾಕಿದ ಜಾಗದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಬಲ ಕುಗ್ಗಬಹುದು. ಉದ್ದ ಹೆಚ್ಚಾಯಿತೆಂದು ನಡುವೆ ಗಂಟು ಹಾಕುವುದು ತಪ್ಪು.

ಒಮ್ಮೆ ಬಿದ್ದವನನ್ನು ಹಿಡಿದ ಹಾರ್ನೆಸ್, ಹಗ್ಗ, ಪೊಟ್ಟಣ ಮೂರನ್ನೂ ಮತ್ತೆ ಬಳಸಬಾರದು. ನೋಡಲು ಚೆನ್ನಾಗಿದೆ ಎಂದು ಇಟ್ಟುಕೊಂಡರೆ ಇನ್ಯಾರೋ ತೊಡುತ್ತಾರೆ. ಕತ್ತರಿಸಿಯೇ ಬಿಸಾಡಿ.

ನೇತಾಡುವವನನ್ನು ಇಳಿಸುವವರು ಯಾರು?

ಹಗ್ಗ ಹಿಡಿಯಿತು, ಆಳು ಉಳಿದ. ಮುಂದೆ? ಅಲುಗದೆ ನೇತಾಡುತ್ತಿದ್ದರೆ ತೊಡೆಪಟ್ಟಿಯ ಒತ್ತಡಕ್ಕೆ ಕಾಲಿನ ರಕ್ತ ಮೇಲೆ ಬರುವುದು ಕಡಿಮೆಯಾಗುತ್ತದೆ. ತಲೆ ಸುತ್ತು, ಬೆವರು, ಆಮೇಲೆ ಎಚ್ಚರ ತಪ್ಪುವುದು. ಕೆಲವರಿಗೆ ಕೆಲವೇ ನಿಮಿಷಗಳಲ್ಲಿ ಹೀಗಾಗಬಹುದು. ಎಚ್ಚರ ತಪ್ಪಿಯೂ ಇಳಿಸದಿದ್ದರೆ ಪ್ರಾಣಕ್ಕೇ ಅಪಾಯ. ತೋಟ ಊರಿಂದ ಮೂರು ಕಿಲೋಮೀಟರ್ ದೂರ, ಆಳು ಒಬ್ಬನೇ ಹೋಗಿದ್ದಾನೆ ಅಂದರೆ ಹಾರ್ನೆಸ್ ಇದ್ದೂ ಫಲವಿಲ್ಲ.

ಆದ್ದರಿಂದ ಹತ್ತುವವನ ಜೊತೆ ಕೆಳಗೆ ಇನ್ನೊಬ್ಬ ಇರಲೇಬೇಕು. ಏಣಿ, ಇನ್ನೊಂದು ಹಗ್ಗ ಅಲ್ಲೇ ಇರಲಿ. ಹಾರ್ನೆಸ್ಸಿಗೆ ಒಂದು ಪಟ್ಟಿಯ ಕುಣಿಕೆ ಸುತ್ತಿಟ್ಟರೆ ನೇತಾಡುವಾಗ ಬಿಚ್ಚಿ, ಅದರೊಳಗೆ ಪಾದ ಊರಿ ಎದ್ದು ನಿಲ್ಲಬಹುದು. ರಕ್ತ ಮತ್ತೆ ಹರಿಯುತ್ತದೆ. ಕುದುರೆಯ ರಿಕಾಪಿನಂತೆಯೇ ಇದು. ಹೊಸ ಹಾರ್ನೆಸ್‌ಗಳಿಗೆ ಇಂಥದ್ದು ಸಿದ್ಧವಾಗಿಯೂ ಸಿಗುತ್ತದೆ.

ಇಳಿಸಿದ ಮೇಲೆ ಮಲಗಿಸಬಾರದು, ಕೂರಿಸಿಯೇ ಇಡಬೇಕು ಎಂಬ ಮಾತೊಂದಿತ್ತು. ಬ್ರಿಟನ್ನಿನ ಸುರಕ್ಷಾ ಇಲಾಖೆ ಮಾಡಿಸಿದ ಪರಿಶೀಲನೆ 2009ರಲ್ಲಿ ಅದಕ್ಕೆ ಆಧಾರವಿಲ್ಲ ಎಂದಿತು. ಎಚ್ಚರ ತಪ್ಪಿದವರನ್ನು ಅಂಗಾತ ಮಲಗಿಸಿ, ಉಸಿರಾಟ ನೋಡಿ, 108ಕ್ಕೆ ಫೋನ್ ಮಾಡಿ. ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ಕೈಕಾಲು ಹಿಡಿದು ಎತ್ತಬೇಡಿ. ಆಂಬುಲೆನ್ಸ್ ಬರುವ ತನಕ ಅಲ್ಲಾಡಿಸದಿರುವುದು ಒಳ್ಳೆಯದು. ಒಯ್ಯಲೇಬೇಕಾದರೆ ಹಲಗೆಯ ಮೇಲೆ, ತಲೆ-ಬೆನ್ನು ಒಂದೇ ನೇರದಲ್ಲಿ. ಬಾವಿಯೊಳಗೆ ಎಚ್ಚರ ತಪ್ಪಿದವನನ್ನು ಎತ್ತಲು ಇನ್ನೊಬ್ಬ ಇಳಿಯಬಾರದು, ಕೆಳಗೆ ಕೆಟ್ಟ ಗಾಳಿ ಇರಬಹುದು. ಇಳಿಯುವವನಿಗೆ ಮೊದಲೇ ಹಾರ್ನೆಸ್ ಹಾಕಿ ಹಗ್ಗದ ತುದಿ ಮೇಲಿಟ್ಟಿದ್ದರೆ ಮೇಲಿನಿಂದಲೇ ಎತ್ತಬಹುದು.

ತೋಟದವರ ಹೊಣೆ

‘ಬೆಲ್ಟ್ ಕಟ್ಟಿದ್ರ ಕೈ ಆಡಂಗಿಲ್ರಿ, ಕೆಲಸ ಸಾಗಂಗಿಲ್ಲ’ ಎನ್ನುವುದು ಹತ್ತುವವರ ಸಾಮಾನ್ಯ ಮಾತು. ಗಿಡಕ್ಕೆ ಇಷ್ಟು ಎಂದು ಕೂಲಿ ಕೊಡುವಾಗ ಅವರ ಮಾತೂ ನ್ಯಾಯವೇ. ಹಾರ್ನೆಸ್ ಹಾಕಿದರೆ ದಿನಕ್ಕೆ ಹತ್ತುವ ಗಿಡ ಕಡಿಮೆಯಾಗುತ್ತದೆ. ಆ ನಷ್ಟ ಅವರ ತಲೆಗೆ ಬಿದ್ದರೆ ಹಾರ್ನೆಸ್ ಗೂಟದಲ್ಲೇ ನೇತಾಡುತ್ತದೆ. ಹಾರ್ನೆಸ್ ತೊಟ್ಟವರಿಗೆ ಗಿಡದ ಲೆಕ್ಕ ಬಿಟ್ಟು ದಿನದ ಲೆಕ್ಕದಲ್ಲಿ ಕೂಲಿ ಕೊಡುವುದು ಒಂದು ದಾರಿ. ನಾಲ್ಕೈದು ತೋಟದವರು ಕೂಡಿ ಎರಡು ಹಾರ್ನೆಸ್ ಕೊಂಡಿಟ್ಟರೆ ಖರ್ಚೂ ಭಾರವಲ್ಲ.

ಹತ್ತದೆ ಆಗುವ ಕೆಲಸಕ್ಕೆ ಹತ್ತಿಸದಿರುವುದು ಎಲ್ಲಕ್ಕಿಂತ ಮೇಲು. ಕೈಗೆ ಸಿಗುವ ಎತ್ತರಕ್ಕೆ ದೋಟಿ ಬಳಸಿ. ಹೊಸ ತೋಟಕ್ಕೆ ಗಿಡ್ಡ ತಳಿ ಯೋಚಿಸಿ. ಮಳೆ ಬಿದ್ದು ಕಾಂಡ ಒದ್ದೆಯಾದ ದಿನ, ಗಾಳಿಯ ದಿನ ಕೊಯ್ಲು ಮುಂದಕ್ಕೆ ಹಾಕಿ. ಕಾಯಿ ಒಂದು ದಿನ ಗಿಡದಲ್ಲೇ ಇದ್ದರೆ ಕೊಳೆಯುವುದಿಲ್ಲ. ಬೆನ್ನೆಲುಬು ಮುರಿದು ಹಾಸಿಗೆ ಹಿಡಿದ ಆಳಿನ ಮನೆಯ ಒಲೆ ಮಾತ್ರ ಅಂದಿನಿಂದಲೇ ಆರುತ್ತದೆ. ಮುಂದಿನ ಕೊಯ್ಲಿಗೆ ಆಳನ್ನು ಕರೆಯುವ ಮೊದಲು ನಿಮ್ಮ ಮನೆಯ ಗೂಟದಲ್ಲಿರುವ ಬೆಲ್ಟನ್ನೊಮ್ಮೆ ಕೈಗೆತ್ತಿಕೊಂಡು ನೋಡಿ.